ಲೈಕ್ ಒತ್ತದ ಶಾಖೆ

ನಾನು ಒಬ್ಬರ ಅನ್ನಕ್ಕೆ ಕಲ್ಲು ಹಾಕಲು ಹೊರಟಿದ್ದು ಜೀವನದಲ್ಲಿ ಒಂದೇ ಸಲ. ಅದೂ ಸಿಟ್ಟಿನಿಂದಲ್ಲ, ಹಗೆಯಿಂದಲ್ಲ. ಕಂಪ್ಯೂಟರಿನಲ್ಲಿ ಒಂದು ಗ್ರಾಫ್ ನೋಡಿ. ಹಿರೇಕೆರೂರಿನ ಶಾಖೆಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದ ಹೆಣ್ಣುಮಗಳ ನೌಕರಿ ನನ್ನ ಎರಡು ಸಾಲಿನ ಷರಾದಿಂದ ಹೋಗುವುದರಲ್ಲಿತ್ತು. ಅದನ್ನು ಬರೆಯಲು ಕೂತಿರುವ ಈಗಲೂ, ಇದರಲ್ಲಿ ನನ್ನ ಮರ್ಯಾದೆ ಎಷ್ಟು ಉಳಿಸಿಕೊಳ್ಳಬಹುದು ಎಂಬ ಲೆಕ್ಕಾಚಾರವೇ ಮೊದಲು ತಲೆಗೆ ಬರುತ್ತದೆ. ಹೆಚ್ಚೇನೂ ಉಳಿಯುವ ಲಕ್ಷಣವಿಲ್ಲ.

ನಮ್ಮದು ಬೀಜದ ಕಂಪನಿ. ಮುಖ್ಯ ಕಚೇರಿ ಹಾನಗಲ್ಲಿನಲ್ಲಿ; ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಲ್ಲಿ ಒಂದೊಂದು ಶಾಖೆ. ರೈತರ ಹೊಲದಲ್ಲಿ ಬೆಂಡೆ, ಮೆಣಸಿನಕಾಯಿ, ಗೋವಿನಜೋಳದ ಬೀಜ ಮಾಡಿಸುವುದು, ತಂದು ಆರಿಸುವುದು, ಚೀಲಕ್ಕೆ ತುಂಬಿ ಕಳಿಸುವುದು ಇಲ್ಲಿಯ ಕೆಲಸ. ನಾನು ಮುಖ್ಯ ಕಚೇರಿಯ ಆಡಳಿತ ಅಧಿಕಾರಿ. ಹುದ್ದೆಯ ಹೆಸರು ದೊಡ್ಡದು. ಮಾಡುವುದು ಹಾಜರಿ, ರಜೆ ಅರ್ಜಿ, ಸಮವಸ್ತ್ರದ ಅಳತೆ, ಮತ್ತು ಯಾರಾದರೂ ನಿವೃತ್ತರಾದರೆ ಬೀಳ್ಕೊಡುಗೆಯ ಭಾಷಣ. ಪ್ರತಿ ಭಾಷಣದಲ್ಲೂ ಹೋಗುವವರನ್ನು ‘ಸಂಸ್ಥೆಯ ಬೆನ್ನೆಲುಬು’ ಎಂದು ಕರೆಯುತ್ತಿದ್ದೆ. ಇಪ್ಪತ್ತು ವರ್ಷದಲ್ಲಿ ಇಷ್ಟು ಬೆನ್ನೆಲುಬುಗಳು ಕಳಚಿ ಹೋದರೂ ಕಂಪನಿ ನೆಟ್ಟಗೇ ನಿಂತಿದೆ ಎಂಬುದನ್ನು ಯಾರೂ ನನ್ನ ಗಮನಕ್ಕೆ ತಂದಿರಲಿಲ್ಲ.

ಆ ಭಾಷಣಗಳೇ ನನಗೆ ಮುಳುವಾದವು. ಹುಬ್ಬಳ್ಳಿಯಲ್ಲಿ ಎರಡು ದಿನದ ತರಬೇತಿ ಮುಗಿಸಿ ಬಂದ ನಮ್ಮ ಜನರಲ್ ಮ್ಯಾನೇಜರ್ ಒಂದು ಬೆಳಿಗ್ಗೆ ನನ್ನನ್ನು ಕರೆದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಉತ್ಸಾಹದಲ್ಲಿ ಬಹಳ ದೊಡ್ಡವರು.

“ನಮ್ಮ ನಾಕೂ ಊರಿನ ಮಂದಿಗೆ ಒಬ್ರಿಗೊಬ್ರದು ಗುರುತ ಇಲ್ಲ ನೋಡ್ರಿ,” ಎಂದರು. “ಕಂಪನಿಯೊಳಗಷ್ಟ ನಡಿಯೋ ಒಂದು ವೆಬ್‌ಸೈಟ್ ಮಾಡಸಾಕತ್ತೇವಿ. ಇಂಟ್ರಾನೆಟ್ ಅಂತಾರ. ಹೊರಗಿನವ್ರಿಗೆ ಕಾಣಂಗಿಲ್ಲ. ನಮ್ಮ ಮಂದಿ ಅದರಾಗ ಒಬ್ರ ಸುದ್ದಿ ಒಬ್ರು ತಿಳ್ಕೋಬೇಕು, ಕಂಪನಿ ನಮ್ದು ಅನಸ್ಬೇಕು. ನಿಮ್ಮ ಭಾಷಾ ಚೊಲೋ ಐತಿ. ನೀವ ನೋಡ್ಕೋರಿ.”

ಭಾಷೆ ಚೆನ್ನಾಗಿದೆ ಎಂದವರಿಗೆ ನಾನು ಯಾವತ್ತೂ ಇಲ್ಲ ಎಂದವನಲ್ಲ. ಅವತ್ತು ಸಂಜೆಯೇ ಕೂತು ಹದಿನಾಲ್ಕು ಹೆಸರು ಬರೆದೆ. ಕೊನೆಗೆ ‘ಅಂಗಳ’ ಎಂಬುದು ಪಾಸಾಯಿತು. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. “ಅಂಗಳ ಅಂದ್ರ ದಿನಾ ಕಸಾ ಹೊಡಿಬೇಕಾಗತೈತಿ ಮತ್ತ. ಮನ್ಯಾಗಿಂದಂತೂ ನೀವು ಒಂದಿನ ಹೊಡದಿಲ್ಲ,” ಎಂದಳು.

ಅಂಗಳದೊಳಗೆ ಬರಲು ಎಲ್ಲರಿಗೂ ಒಂದು ಪಾಸ್‌ವರ್ಡ್ ಬೇಕಿತ್ತು. ಜನ ಮರೆಯುತ್ತಾರೆ ಎಂದು ನಾನೇ ಬುದ್ಧಿವಂತಿಕೆ ಮಾಡಿ ಅವರವರ ಹಾಜರಿ ಟೋಕನ್ ನಂಬರನ್ನೇ ಅವರವರ ಪಾಸ್‌ವರ್ಡ್ ಮಾಡಿದೆ. ಪ್ರತಿ ಸೋಮವಾರ ‘ಸೋಮವಾರದ ಮಾತು’ ಎಂಬ ಅಂಕಣ ಬರೆಯತೊಡಗಿದೆ. ಮನೆಯ ಸುದ್ದಿ, ಮೊಣಕಾಲು ನೋವು, ತಪ್ಪಿದ ಬಸ್ಸು, ತೋಚಿದ್ದೆಲ್ಲ ಅದರಲ್ಲಿ. ಬರೆಯುವವನು ನಾನೇ, ತಿದ್ದುವವನು ನಾನೇ, ‘ಬಹಳ ಚೆನ್ನಾಗಿದೆ’ ಎಂದು ಮೊದಲು ಅಂದುಕೊಳ್ಳುವವನೂ ನಾನೇ. ನೋಟಿಸುಗಳನ್ನು ಮೊದಲೇ ಹಾಕಿಟ್ಟರೆ ಪ್ರತಿ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ತಾವಾಗಿಯೇ ಕಾಣಿಸಿಕೊಳ್ಳುವ ಸೌಲಭ್ಯವೊಂದಿತ್ತು. ಅದನ್ನು ಕಲಿತ ದಿನ ನಾನು ಇಡೀ ಕಚೇರಿಯನ್ನು ಕರೆದು ತೋರಿಸಿದ್ದೆ. ಸಿಪಾಯಿಗೂ ತೋರಿಸಿದ್ದೆ.

ಯಾವ ಶಾಖೆಯವರು ಎಷ್ಟು ಜನ ಬಂದರು, ಏನು ನೋಡಿದರು, ಎಷ್ಟು ಲೈಕ್ ಒತ್ತಿದರು ಎಂಬುದೆಲ್ಲ ಗ್ರಾಫ್ ಆಗಿ ನನ್ನ ಮುಂದೆ ನಿಲ್ಲುತ್ತಿತ್ತು. ಸವಣೂರು ಎಲ್ಲರಿಗಿಂತ ಮುಂದೆ. ಶನಿವಾರ ಬಂತೆಂದರೆ ಅಲ್ಲಿಯ ಅಷ್ಟೂ ನೌಕರರು ನನ್ನ ಅಂಕಣಕ್ಕೆ ಲೈಕ್ ಒತ್ತುತ್ತಿದ್ದರು; ಒಬ್ಬರೂ ಬಿಡುತ್ತಿರಲಿಲ್ಲ. ಮೂರು ತಿಂಗಳ ಹಿಂದೆ ನಾನೇ ಬೆನ್ನೆಲುಬು ಎಂದು ಹೊಗಳಿ ಕಳಿಸಿದ್ದ ನಿವೃತ್ತರೊಬ್ಬರು ಕೂಡ ಲೈಕ್ ಒತ್ತಿದ್ದರು. ನಿವೃತ್ತರಾದರೂ ಸಂಸ್ಥೆಯ ಮೇಲೆ ಎಂಥ ಅಭಿಮಾನ ಎಂದು ನನಗೆ ಎದೆ ತುಂಬಿ ಬಂದಿತ್ತು. ಅದನ್ನೇ ವಿಷಯ ಮಾಡಿ ಮುಂದಿನ ಸೋಮವಾರ ಒಂದು ಅಂಕಣವನ್ನೂ ಬರೆದೆ. ಅದಕ್ಕೂ ಅವರು ಲೈಕ್ ಒತ್ತಿದರು.

ಸವಣೂರಿಗೆ ‘ಅತ್ಯುತ್ತಮ ಶಾಖೆ’ ಎಂದು ಶೀಲ್ಡ್ ಕೊಡಲು ನಾನೇ ಹೋದೆ. ಅವರು ಶಾಲು ಹೊದಿಸಿ, ಒಂದು ದೊಡ್ಡ ಕಟ್ಟು ವೀಳ್ಯದೆಲೆ ಕೊಟ್ಟು ಕಳಿಸಿದರು. ಸವಣೂರ ಎಲೆಯನ್ನು ವಾರವೆಲ್ಲ ಮೆಲ್ಲುತ್ತ ನಾನು ನೌಕರರ ಮನಸ್ಸು ಬೆಸೆದವನು ಎಂದು ನಂಬಿಕೊಂಡಿದ್ದೆ. ಅಲ್ಲಿಯ ಸ್ಟೋರ್ ಕೀಪರ್ ಶನಿವಾರಕ್ಕೊಮ್ಮೆ ಹಳೇ ಟೋಕನ್ ರಿಜಿಸ್ಟರ್ ತೆರೆದಿಟ್ಟುಕೊಂಡು, ಒಬ್ಬೊಬ್ಬರ ನಂಬರು ಹೊಡೆದು ಒಳಗೆ ಹೋಗಿ, ಎಲ್ಲರ ಪರವಾಗಿ ಲೈಕ್ ಒತ್ತಿ ಬರುತ್ತಿದ್ದಾನೆಂದು ತಿಳಿದದ್ದು ಬಹಳ ತಡವಾಗಿ. ರಿಜಿಸ್ಟರ್ ಹಳೆಯದಾದ್ದರಿಂದ ನಿವೃತ್ತರ ಅಭಿಮಾನ ಹಾಗೇ ಉಳಿದಿತ್ತು.

ಶಿಗ್ಗಾಂವಿಯವರು ದಿನಾ ಬೆಳಿಗ್ಗೆ ‘ಶುಭೋದಯ’ ಎಂದು ಹೂವಿನ ಚಿತ್ರ ಹಾಕುತ್ತಿದ್ದರು. ಅದೂ ಗ್ರಾಫಿಗೆ ಆಹಾರವೇ. ಹಿರೇಕೆರೂರಿನದು ಮಾತ್ರ ಸೊನ್ನೆ. ಮೂವತ್ತು ಚಿಲ್ಲರೆ ಮಂದಿ ಇರುವ ಶಾಖೆಯಿಂದ ಒಂದು ಲೈಕ್ ಇಲ್ಲ, ಒಂದು ಮಾತಿಲ್ಲ. ದಿನಾ ಬರುತ್ತಿದ್ದದ್ದು ಒಬ್ಬಳೇ, ಆ ಕಂಪ್ಯೂಟರ್ ಆಪರೇಟರ್. ಹನ್ನೊಂದಕ್ಕೆ ಅಂಗಳ ತೆರೆದರೆ ಮುಕ್ಕಾಲು ತಾಸು ಮುಚ್ಚುತ್ತಿರಲಿಲ್ಲ. ಒಂದು ಸಲ ಅಲ್ಲಿಯ ಮ್ಯಾನೇಜರಿಗೆ ಫೋನ್ ಮಾಡಿ ನಿಮ್ಮವರಿಗೆ ಆಸಕ್ತಿಯೇ ಇಲ್ಲವೇ ಎಂದು ಕೇಳಿದ್ದೆ.

“ಐತ್ರಿ, ಎಲ್ಲಾರಿಗೂ ಎಲ್ಲಾ ಗೊತ್ತೈತ್ರಿ,” ಎಂದಿದ್ದರು ಅವರು.

ನಾನು ನಂಬಲಿಲ್ಲ. ಕಣ್ಣೆದುರು ಗ್ರಾಫ್ ಇರುವಾಗ ಮನುಷ್ಯರ ಮಾತನ್ನು ಯಾಕೆ ನಂಬಬೇಕು.

ವರ್ಷದ ಕೊನೆಗೆ ಗುತ್ತಿಗೆಯ ಮೇಲಿದ್ದವರಲ್ಲಿ ಯಾರನ್ನು ಮುಂದುವರಿಸುವುದು ಬೇಡ ಎಂದು ಪಟ್ಟಿ ಕೇಳಿದರು. ಮೂರು ಹೆಸರು ತಾವಾಗಿಯೇ ಬಿಟ್ಟು ಹೋದವರದು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನನಗೆ ಹಿರೇಕೆರೂರಿನ ಸೊನ್ನೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ನಾಲ್ಕನೆಯದಾಗಿ ಆ ಆಪರೇಟರಳ ಹುದ್ದೆ ಸೇರಿಸಿ, ಬರೀ ಸೇರಿಸಿದರೆ ನನ್ನ ಭಾಷೆ ವ್ಯರ್ಥವಾದೀತೆಂದು ಷರಾದ ಕಾಲಂನಲ್ಲಿ ಬರೆದೆ: ‘ಕೆಲಸದ ವೇಳೆಯಲ್ಲಿ ಅಂಗಳದಲ್ಲಿ ಪ್ರತಿದಿನ ಕಾಲಹರಣ. ಶಾಖೆಯ ಪಾಲ್ಗೊಳ್ಳುವಿಕೆ ಶೂನ್ಯ.’ ಜನರಲ್ ಮ್ಯಾನೇಜರ್ ಸಹಿ ಹಾಕಿದರು. ಪಟ್ಟಿಯನ್ನು ಅಂಗಳದ ನೋಟಿಸಿನಲ್ಲಿ ಹಾಕಿಟ್ಟೆ. ಆ ಹೆಣ್ಣುಮಗಳ ಮುಖವನ್ನು ಅವತ್ತಿನವರೆಗೆ ನಾನು ನೋಡಿರಲಿಲ್ಲ.

ಅದೇ ವಾರ ಹಿರೇಕೆರೂರಿಗೆ ಹೋಗಿ ಅಲ್ಲಿಯವರಿಗೆ ಅಂಗಳದ ಬಳಕೆ ಕಲಿಸಿ ಬರುವುದೆಂದು ಗೊತ್ತಾಗಿತ್ತು. ಮುಖ್ಯವಾಗಿ ಲೈಕ್ ಒತ್ತುವುದು ಹೇಗೆ ಎಂಬುದನ್ನು. ಮಂಗಳವಾರ ಹೋಗಬೇಕಿತ್ತು, ಲಾರಿ ಲೋಡಿಂಗ್ ಇದೆ, ನಾಳೆ ಬನ್ನಿ ಎಂದರು. ಬುಧವಾರ ಬೆಳಿಗ್ಗೆ ಬಸ್ ಹತ್ತಿದೆ. ತಿಳವಳ್ಳಿ ದಾಟುವ ಹೊತ್ತಿಗೆ ಭಾಷಣ ಸಿದ್ಧವಾಗಿತ್ತು. ನೋಟಿಸು ಬುಧವಾರ ಹನ್ನೊಂದಕ್ಕೆ ತಾನಾಗಿಯೇ ಹೋಗುತ್ತದೆ ಎಂಬುದು ಪೂರ್ತಿ ಮರೆತುಹೋಗಿತ್ತು. ಸಿಪಾಯಿಗೆ ನೆನಪಿರಬಹುದು.

ಶಾಖೆಯ ಬಾಗಿಲಲ್ಲಿ ಕಾವಲುಗಾರ ಒಂದು ಕಟ್ಟಿಗೆಯ ಪೆಟ್ಟಿಗೆ ಮುಂದೆ ಮಾಡಿದ. “ಫೋನ್ ಇದರಾಗ ಇಡ್ರಿ ಸಾಹೇಬ್ರ. ಒಳಗ ಒಯ್ಯಂಗಿಲ್ರಿ. ನಿಮ್ದ ಆರ್ಡರ್ ಐತಿ,” ಎಂದ. ಹೌದು, ಬೀಜ ಆರಿಸುವಾಗ ಗಮನ ಆಚೀಚೆ ಹೋಗಿ ಒಂದು ತಳಿಯಲ್ಲಿ ಇನ್ನೊಂದು ಬೆರೆಯಬಾರದೆಂದು ಆ ಸುತ್ತೋಲೆ ಹೊರಡಿಸಿದವನು ನಾನೇ. ದಿನವಿಡೀ ಫೋನು ಪೆಟ್ಟಿಗೆಯಲ್ಲಿರುವವರು ಲೈಕ್ ಎಲ್ಲಿಂದ ಒತ್ತಬೇಕು ಎಂಬ ಪ್ರಶ್ನೆ ನನಗೆ ಮೊದಲ ಸಲ ಹೊಳೆದದ್ದು ಆ ಪೆಟ್ಟಿಗೆಗೆ ನನ್ನ ಫೋನ್ ಹಾಕುವಾಗ.

ಒಳಗೆ ಶೆಡ್ಡಿನಲ್ಲಿ ಇಪ್ಪತ್ತೈದು ಹೆಣ್ಣುಮಕ್ಕಳು ಸಾಲಾಗಿ ಕೂತು ಬೆಂಡೆ ಬೀಜ ಆರಿಸುತ್ತಿದ್ದರು. ಶೆಡ್ಡಿಗೂ ಆಫೀಸಿನ ಕೋಣೆಗೂ ನಡುವೆ ತೂಕದ ಚೀಟಿ ಕೊಡುವ ಒಂದು ಕಿಟಕಿ. ನನಗೆ ಕುರ್ಚಿ ಹಾಕಿದರು, ಚಹಾ ತರಿಸಿದರು. ಗೋಡೆಯ ಗಡಿಯಾರ ಹನ್ನೊಂದು ತೋರಿಸುತ್ತಲೇ ಕಿಟಕಿ ತೆರೆಯಿತು. ಒಳಗಿದ್ದ ಆಪರೇಟರ್ ಕಂಪ್ಯೂಟರನ್ನು ತನ್ನತ್ತ ತಿರುಗಿಸಿಕೊಂಡು ಓದಲು ಬಾಯಿ ತೆರೆದವಳು, ನನ್ನನ್ನು ಕಂಡು ಎದ್ದು ನಿಂತಳು. ಇಪ್ಪತ್ತೈದು-ಇಪ್ಪತ್ತಾರರ ವಯಸ್ಸು.

“ಏನ್ ಮಾಡಾಕತ್ತೀರಿ?” ಎಂದು ಕೇಳಿದೆ.

“ಅಂಗಳ ಓದತೇನ್ರಿ ಸರ್, ದಿನಾ. ಇವ್ರ ಕೈ ಖಾಲಿ ಇರಂಗಿಲ್ಲ, ಒಂದೀಟು ಮಂದಿಗೆ ಓದಾಕ ಬರಂಗಿಲ್ಲ. ಕಿವಿ ಖಾಲಿ ಇರ್ತಾವಲ್ರಿ.”

ಮುಕ್ಕಾಲು ತಾಸಿನ ಕಾಲಹರಣ ಇದು. ಓದಿ ಎಂದು ಕೈ ಮಾಡಿದೆ. ಅವಳು ಓದುವ ಮೊದಲೇ ಮುಂದಿನ ಸಾಲಿನಲ್ಲಿದ್ದ ಹಿರಿಯ ಹೆಣ್ಣುಮಗಳೊಬ್ಬಳು ಬೀಜದಿಂದ ಕಣ್ಣೆತ್ತದೆ ಕೇಳಿದಳು.

“ಸಾಹೇಬ್ರ, ಕೌದಿ ಹೊಲಿಸಿದ್ರೇನ್ರಿ?”

ನನಗೆ ತಿಳಿಯಲಿಲ್ಲ.

“ನಿಮ್ಮ ಅವ್ವಾರು ಹೊಲಿದಿದ್ದ ಕೌದಿ ಹರದೈತಿ, ಹೊಲಿಯಾಕ ಯಾರೂ ಸಿಗವಲ್ರು ಅಂತ ಬರದಿದ್ರೆಲ್ಲರಿ. ಇಕಿ ಓದಿದ್ಲು. ಇನ್ನೂ ಹೊಲಿಸಿರಲಿಕ್ಕಿಲ್ಲ ಅಂತ ನಾವು ಮಾತಾಡ್ಕೊಂಡ್ವಿ.”

“ಅಕಿ ನಮ್ಮ ಅವ್ವರಿ,” ಎಂದಳು ಕಿಟಕಿಯಿಂದ ಆಪರೇಟರ್. “ಇಬ್ರೂ ರಟ್ಟೀಹಳ್ಳಿಯಿಂದ ಒಂದ ಬಸ್ಸಿಗೆ ಬರ್ತೇವ್ರಿ.”

ಹಳೇ ಸೀರೆಗಳ ಆ ಕೌದಿಯ ಬಗ್ಗೆ ಬರೆದು ನಾಲ್ಕು ತಿಂಗಳಾಗಿತ್ತು. ನನ್ನ ಅವ್ವ ತೀರಿಕೊಂಡ ಮೇಲೆ ನಾನು ನಿಜವಾಗಿ ಮನಸ್ಸಿಟ್ಟು ಬರೆದದ್ದು ಅದೊಂದೇ. ಸವಣೂರಿನಿಂದ ಅದಕ್ಕೂ ಶನಿವಾರದ ಲೈಕುಗಳು ಬಂದಿದ್ದವು, ಆದರೆ ಹೊಲಿಸಿದೆಯಾ ಎಂದು ಒಬ್ಬರೂ ಕೇಳಿರಲಿಲ್ಲ. ಇಲ್ಲ ಎಂದು ತಲೆಯಾಡಿಸಿದೆ.

ಹಿಂದಿನ ಸಾಲಿನಿಂದ ಇನ್ನೊಬ್ಬಳು, “ನಿಮ್ಮ ಮೊಣಕಾಲಿಗೆ ಎಕ್ಕಿ ಎಲಿ ಬಿಸಿ ಮಾಡಿ ಕಟ್ರಿ ಅಂತ ಬರಿಯಾಕ ಹೇಳಿದ್ವಿ ಸಾಹೇಬ್ರ. ಇಕಿ, ದೊಡ್ಡವ್ರು ಓದೋ ಜಾಗಾ ಅದು, ಹಂಗೆಲ್ಲಾ ಬರೀಬಾರ್ದು ಅಂದ್ಲು,” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಮೊಣಕಾಲು, ನನ್ನ ಅವ್ವ, ನಾನು ಹಿರೇಬೆಂಡಿಗೇರಿಯಲ್ಲಿ ಬಸ್ ತಪ್ಪಿಸಿಕೊಂಡಿದ್ದು, ಎಲ್ಲವೂ ಈ ಶೆಡ್ಡಿಗೆ ಗೊತ್ತಿತ್ತು. ನಾಲ್ಕು ಊರನ್ನು ಬೆಸೆಯಬೇಕೆಂದು ನಾನು ಹೊಸೆದದ್ದೆಲ್ಲ ಇಲ್ಲಿ ಮಾತ್ರ ನಡೆದಿತ್ತು. ಅದನ್ನು ನಡೆಸಿದವಳನ್ನೇ ನಾನು ಪಟ್ಟಿಗೆ ಸೇರಿಸಿದ್ದೆ. ಹಾನಗಲ್ಲಿಗೆ ಹೋದ ತಕ್ಷಣ ಅದನ್ನು ತೆಗೆಸಬೇಕು, ಇವರಿಗೆ ಗೊತ್ತಾಗುವ ಮೊದಲೇ ಎಂದುಕೊಂಡೆ. ನಾನು ಹೀಗೆ ಯೋಚಿಸುತ್ತಿರುವಾಗ ಅವಳು ಓದತೊಡಗಿದಳು.

ಶಿಗ್ಗಾಂವಿಯ ಡ್ರೈವರ್ ಒಬ್ಬರ ಮಗಳ ಮದುವೆ. ಸವಣೂರಿನ ಶೀಲ್ಡ್. ನನ್ನ ಸೋಮವಾರದ ಮಾತು. ಚೆನ್ನಾಗಿ ಓದುತ್ತಿದ್ದಳು, ನಾನು ಬರೆದದ್ದಕ್ಕಿಂತ ಚೆನ್ನಾಗಿ ಕೇಳುತ್ತಿತ್ತು. ಆಮೇಲೆ, “ನೋಟಿಸು. ಗುತ್ತಿಗೆ ಅವಧಿ ಮುಗಿದ ನಂತರ ಮುಂದುವರಿಸದಿರುವ ಹುದ್ದೆಗಳು,” ಎಂದಳು.

ನಾನು ಕುರ್ಚಿಯಿಂದ ಅರ್ಧ ಎದ್ದೆ. ನಿಲ್ಲಿಸಿ ಎನ್ನಬೇಕಿತ್ತು. ಇಪ್ಪತ್ತು ವರ್ಷ ಭಾಷಣ ಮಾಡಿದ ಬಾಯಿಗೆ ಬೇಕಾದ ಒಂದು ಮಾತು ಸಿಗಲಿಲ್ಲ. ಒಂದು, ಎರಡು, ಮೂರು ಎಂದು ಅವಳು ಓದಿದಳು. ನಾಲ್ಕನೆಯದನ್ನೂ ಅದೇ ದನಿಯಲ್ಲಿ ಓದಿದಳು: “ಕಂಪ್ಯೂಟರ್ ಆಪರೇಟರ್, ಹಿರೇಕೆರೂರು ಶಾಖೆ. ಕೆಲಸದ ವೇಳೆಯಲ್ಲಿ ಅಂಗಳದಲ್ಲಿ ಪ್ರತಿದಿನ ಕಾಲಹರಣ. ಶಾಖೆಯ ಪಾಲ್ಗೊಳ್ಳುವಿಕೆ ಶೂನ್ಯ.”

ಬೀಜ ಆರಿಸುವ ಕೈಗಳು ನಿಂತವು.

“ಕಡೀದು ಯಾರದಬೇ?” ಎಂದು ಕೇಳಿದಳು ಆಪರೇಟರಳ ಅವ್ವ.

“ನಂದಬೇ.”

“ಯಾಕಂತ?”

ಮಗಳು ಆ ಎರಡು ಸಾಲನ್ನು ಮತ್ತೊಮ್ಮೆ ಓದಿದಳು. ಎಲ್ಲರೂ ನನ್ನತ್ತ ನೋಡಿದರು. ಆಗ ನನ್ನ ಬಾಯಿ ತೆರೆಯಿತು, ತೆರೆಯದಿದ್ದರೆ ಚೆನ್ನಾಗಿತ್ತು.

“ಅದು ಮ್ಯಾಲಿನವ್ರ ತೀರ್ಮಾನ್ರಿ,” ಎಂದೆ.

ಆಪರೇಟರ್ ಪರದೆಯನ್ನೇ ನೋಡುತ್ತಿದ್ದಳು. ನನ್ನನ್ನು ಹಂಗಿಸಲು ಓದಿದಳೆಂದು ನನಗೆ ಅನ್ನಿಸಿಲ್ಲ. ಹಾಕಿದ್ದನ್ನು ಕೊನೆಯ ಸಾಲಿನವರೆಗೆ ಓದಿ ಮುಗಿಸುವುದು ಅವಳ ಪದ್ಧತಿ. “ಶಿಫಾರಸು, ಆಡಳಿತ ಅಧಿಕಾರಿ, ಹಾನಗಲ್,” ಎಂದು ಓದಿ ಕಿಟಕಿಯ ಮೇಲೆ ಕೈ ಇಟ್ಟಳು.

ಅವ್ವ ಜಗಳ ಮಾಡಲಿಲ್ಲ. ಬೈದಿದ್ದರೆ ನಾನು ಸಿಟ್ಟು ಮಾಡಿಕೊಂಡಾದರೂ ಪಾರಾಗುತ್ತಿದ್ದೆ. “ನಾವು ಓದಂದ್ವಿ ಅಂತ ಇಕಿ ಓದಿದ್ಲರಿ. ನಮಗ ಓದಿ ಹೇಳಿದ್ದಕ್ಕ ಇಕಿ ಕೆಲಸಾ ಹೋತೇನ್ರಿ?” ಎಂದಳು. ಕಿಟಕಿಯತ್ತ ಕೈ ಮಾಡಿ, “ನಮ್ಮ ಮನ್ಯಾಗ ಕುರ್ಚಿ ಮ್ಯಾಲ ಕುಂತು ದುಡಿಯಾಕಿ ಇಕಿ ಒಬ್ಬಾಕಿರಿ. ಇಕಿ ಅಲ್ಲಿ ಕುಂತಿರ್ತಾಳ ಅಂತ ನಾನು ಇಲ್ಲಿ ನೆಲದ ಮ್ಯಾಲ ಕುಂತ್ರೂ ನನಗ ಏನೂ ಅನಸಂಗಿಲ್ಲ,” ಎಂದಳು. ಆಮೇಲೆ ಬೀಜಕ್ಕೆ ಕೈ ಹಾಕಿದಳು.

ಲೈಕ್ ಒತ್ತುವ ತರಬೇತಿ ನಡೆಯಲಿಲ್ಲ. ಚಹಾ ಆರಿತ್ತು, ಕುಡಿದೆ. ಹೊರಡುವಾಗ ಆಪರೇಟರ್ ಬಾಗಿಲವರೆಗೆ ಬಂದಳು. ಕಣ್ಣು ಕೆಂಪಗಿದ್ದವು, ದನಿ ಸರಿಯಾಗಿತ್ತು.

“ಸರ್, ನಾಳಿಂದ ಓದೋದು ನಿಲ್ಲಸ್ಲೇನ್ರಿ?”

“ಬ್ಯಾಡ್ರಿ. ಓದ್ರಿ.”

“ಹಂಗಾರ ಈ ತಿಂಗಳ ಕಡೀತನಕ ಓದ್ತೇನ್ರಿ,” ಎಂದಳು.

ಇಷ್ಟಾದ ಮೇಲೆ ನಾನು ಮರುದಿನ ಬೆಳಿಗ್ಗೆಯೇ ಜನರಲ್ ಮ್ಯಾನೇಜರ್ ಕೋಣೆಗೆ ಹೋಗಿ ನಿಂತೆ ಎಂದು ಬರೆಯಲು ಬಹಳ ಆಸೆ. ಗುರುವಾರ ನಾನು ಮೊಣಕಾಲು ನೋವೆಂದು ರಜೆ ಹಾಕಿದೆ. ರಜೆ ಅರ್ಜಿ ಮಂಜೂರು ಮಾಡುವವನು ನಾನೇ, ಮಾಡಿಕೊಂಡೆ. ತಪ್ಪಾಯಿತು ಎಂದು ಒಪ್ಪಿಕೊಂಡರೆ ಒಂದು ವರ್ಷದ ಗ್ರಾಫುಗಳೆಲ್ಲ ಸುಳ್ಳೆಂದು ಒಪ್ಪಿಕೊಂಡ ಹಾಗೆ. ಅಂಗಳ ನನ್ನ ಕೈತಪ್ಪಬಹುದು. ಅಂಕಣ ನಿಲ್ಲಬಹುದು. ನಾಚಿಕೆಯಾಗುತ್ತದೆ ಹೇಳಲು, ಆ ದಿನವೆಲ್ಲ ನಾನು ಹೆದರಿದ್ದು ಅಂಕಣಕ್ಕೆ.

ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಹೆಂಡತಿ, “ನೋವು ಮೊಣಕಾಲಾಗೈತೋ ಮತ್ತೆಲ್ಲೋ?” ಎಂದು ಕೇಳಿದಳು. ಎಲ್ಲ ಹೇಳಿದೆ. ಅವಳು ನಗಲಿಲ್ಲ. ಅವಳು ನಗದಿದ್ದರೆ ನನಗೆ ಹೆದರಿಕೆ.

“ನೀವು ಬರದದ್ದನ್ನ ಇಷ್ಟು ಚಂದ ಕೇಳ್ಯಾರ ಅವ್ರು. ಮನ್ಯಾಗ ನಾನೂ ಹಂಗ ಕೇಳಿಲ್ಲ,” ಎಂದಳು. “ಅಂಥಾವ್ರ ಅನ್ನಕ್ಕ ಕೈ ಹಾಕೀರಿ. ನಾಳೆ ಹೋಗಿ ಸರಿ ಮಾಡ್ರಿ.”

ಶುಕ್ರವಾರ ಹೋದೆ. ಹೋಗುವ ಮೊದಲು ಸವಣೂರಿಗೊಂದು ಫೋನ್ ಮಾಡಿ, ಅಲ್ಲಿಯೂ ಫೋನು ಪೆಟ್ಟಿಗೆಯಲ್ಲಿರುವಾಗ ಅಷ್ಟೂ ಲೈಕ್ ಎಲ್ಲಿಂದ ಎಂದು ಕೇಳಿ ಸ್ಟೋರ್ ಕೀಪರನ ಬಾಯಿ ಬಿಡಿಸಿದ್ದೆ. ನಿವೃತ್ತರ ಅಭಿಮಾನದ ಗುಟ್ಟು ಆಗಲೇ ಬಯಲಾದದ್ದು. ಜನರಲ್ ಮ್ಯಾನೇಜರ್ ಎಲ್ಲ ಕೇಳಿಕೊಂಡರು. ನನ್ನ ಗ್ರಾಫುಗಳ ಕಡತವನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತಿದ್ದರು.

“ಅಂದ್ರ ಯಾವ ಶಾಖೆ ಚೊಲೋ ಅಂದ್ರಿ, ಅದು ಖೊಟ್ಟಿ. ಯಾವುದು ಕೆಟ್ಟದ್ದು ಅಂದ್ರಿ, ಅಲ್ಲಷ್ಟ ಕೆಲಸಾ ಆಗೇತಿ.”

“ಹೌದ್ರಿ.”

“ಶೀಲ್ಡ್ ವಾಪಸ್ ತರಿಸ್ತೀರೇನು?”

ಶಾಲು ಹೊದ್ದು, ಅವರ ಎಲೆ ತಿಂದು, ಈಗ ಶೀಲ್ಡ್ ಕೇಳುವುದು ಹೇಗೆ ಎಂದು ನನಗೆ ಬೆವರು ಬಂತು. ಅವರು ಅದನ್ನು ಅಲ್ಲಿಗೇ ಬಿಟ್ಟರು. ಆಪರೇಟರಳ ಗುತ್ತಿಗೆ ಮುಂದುವರಿಸುವ ಆದೇಶಕ್ಕೆ ಸಹಿ ಹಾಕಿ, “ಮುಂದಿನ ವರ್ಷ ಗ್ರಾಫ್ ತರೋ ಮೊದ್ಲ ಒಮ್ಮೆ ಹೋಗಿ ನೋಡ್ಕೊಂಡ ಬರ್ರಿ,” ಎಂದರು. ಹೊರಗೆ ಬಂದಾಗ ನನಗೆ ಹಗುರಾಗಿತ್ತು. ಎಷ್ಟು ಹಗುರವೆಂದರೆ, ತಪ್ಪು ಮಾಡಿದವನು ನಾನು ಎಂಬುದನ್ನು ಮರೆತು, ಒಬ್ಬರ ನೌಕರಿ ಉಳಿಸಿದವನು ಎಂದು ಎದೆ ಉಬ್ಬಿಸಿಕೊಂಡೇ ಹಿರೇಕೆರೂರಿಗೆ ಫೋನ್ ಮಾಡಿದೆ.

“ನಿಮ್ಮ ಕೆಲಸಾ ಉಳೀತ್ರಿ. ಆರ್ಡರ್ ಪೋಸ್ಟಿಗೆ ಹಾಕ್ತೇನಿ, ಸೋಮವಾರ ನಿಮ್ಮ ಕೈಗೆ ಸಿಗತೈತಿ,” ಎಂದೆ. ಉಪಕಾರ ಎನ್ನುತ್ತಾಳೆ, ಬೇಡ ಬೇಡ ಎನ್ನಬೇಕು ಎಂದು ಅದಕ್ಕೆ ತಕ್ಕ ಮಾತನ್ನೂ ಜೋಡಿಸಿಕೊಂಡಿದ್ದೆ.

“ಚೊಲೋ ಆತ್ರಿ ಸರ್,” ಎಂದಳು. “ಆದ್ರ ಪೋಸ್ಟಿಗೆ ಬ್ಯಾಡ್ರಿ. ಅಂಗಳದಾಗ ಹಾಕ್ರಿ. ಮೊದ್ಲಿಂದು ಎಲ್ಲಾರ ಮುಂದ ಓದೇನಿ, ಇದನ್ನೂ ಎಲ್ಲಾರ ಮುಂದ ಓದ್ತೇನಿ.”

“ಆಗ್ಲಿ, ಹಾಕ್ತೇನಿ,” ಎಂದೆ.

“ಷರಾ ಬರೀರಿ ಸರ್. ಹೋದಸಲ ಬರದಿದ್ರೆಲ್ಲ, ಹಂಗ. ಅವ್ವ ಯಾಕಂತ ಕೇಳ್ತಾಳ.”

ಮಧ್ಯಾಹ್ನದ ಊಟ ಬಿಟ್ಟು ಕೂತೆ. ಕಾಲಹರಣ ಎಂದು ಬರೆಯಲು ನನಗೆ ಎರಡು ನಿಮಿಷ ಹಿಡಿದಿರಲಿಲ್ಲ. ಇದಕ್ಕೆ ಸಂಜೆಯಾಯಿತು. ಭಾಷೆಯನ್ನೆಲ್ಲ ಬರೆದು, ಹೊಡೆದು ಹಾಕಿ, ಕೊನೆಗೆ ‘ಹಿಂದಿನ ಷರಾ ಆಡಳಿತ ಅಧಿಕಾರಿ ಹೋಗಿ ನೋಡದೆ ಬರೆದದ್ದು, ತಪ್ಪು ಆಡಳಿತ ಅಧಿಕಾರಿಯದು’ ಎಂದಿಷ್ಟೇ ಬರೆದೆ.